ಕೆರೊಲಿನಾದ ಮರದ ಕೋಟೆ

೧೯೭೮ರ ಅಕ್ಟೋಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ನಾವು ಮೂವರು ಅಟ್ಲಾಂಟಾದಿಂದ ಹೊರಟೆವು. ಕಾರು ನಡೆಸುತ್ತಿದ್ದವನು ನನ್ನ ತಮ್ಮ ಶ್ರೀಕಾಂತ. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು, ಹೋಗಿ ಒಂಬತ್ತು ವರ್ಷವಾಗಿತ್ತು. ಪಕ್ಕದಲ್ಲಿ ಅವನ ಹೆಂಡತಿ ವತ್ಸಲ. ಹಿಂದಿನ ಸೀಟಿನಲ್ಲಿ ನಾನು, ಚಿತ್ರಾನ್ನದ ಡಬ್ಬಿ, ಕಾಫಿಯ ಫ್ಲಾಸ್ಕು. ನಾನು ಚಿತ್ರದುರ್ಗದ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವವಳು. ದಸರಾ ರಜೆಗೆ ಗಳಿಕೆ ರಜೆ ಸೇರಿಸಿಕೊಂಡು ಅಮೆರಿಕ ನೋಡಲು ಬಂದಿದ್ದೆ.

ಬಂದು ಮೂರು ವಾರವಾಗಿದ್ದರೂ ನೋಡಿದ್ದು ಬಹುಪಾಲು ಅವರ ಮನೆಯ ಹಿಂದಿನ ಹುಲ್ಲನ್ನು. ಕನ್ನಡದವರು ಸೇರುವ ಊಟಕ್ಕೆ ಅವರಿಬ್ಬರೇ ಹೋಗಿಬಂದರು. "ನಿನಗೆ ಅಲ್ಲಿ ಬೋರ್ ಆಗುತ್ತೆ ಅಕ್ಕ" ಎಂದಿದ್ದ ಕಾಂತ. ಓದುಗರಿಗೆ ಇಲ್ಲೇ ಹೇಳಿಬಿಡುತ್ತೇನೆ: ಆರನೇ ವಯಸ್ಸಿನಲ್ಲಿ ನನಗೆ ಸಿಡುಬು ಎದ್ದಿತ್ತು. ಹಣೆ, ಕೆನ್ನೆ, ಮೂಗಿನ ತುದಿ, ಎಲ್ಲ ಕಡೆ ಕುಳಿಗಳು. ದುರ್ಗದಲ್ಲಿ ಅದು ಯಾರ ಕಣ್ಣಿಗೂ ಬೀಳದಷ್ಟು ಹಳೆಯದಾಗಿತ್ತು. ತಮ್ಮನ ಮನೆಗೆ ಬಂದ ಮೇಲೆ ನನಗೇ ಮತ್ತೆ ನೆನಪಾಗತೊಡಗಿತ್ತು.

ಹಾಗಾಗಿ ಹಿಂದಿನ ದಿನ ಅವನು "ನೀನು ಹಿಸ್ಟರಿ ಟೀಚರ್, ನಿನಗೊಂದು ಕೋಟೆ ತೋರಿಸ್ತೀನಿ, ಸೌತ್ ಕೆರೊಲಿನಾಗೆ ಡ್ರೈವ್ ಮಾಡೋಣ" ಎಂದಾಗ ಹುಡುಗಿಯ ಹಾಗೆ ಖುಷಿಪಟ್ಟೆ. ವತ್ಸಲ ಮಾತ್ರ ನನ್ನ ಹತ್ತಿಯ ಸೀರೆ ನೋಡಿ, "ಮೈಸೂರು ಸಿಲ್ಕ್ ಉಟ್ಕೊಳ್ಳಿ ಅಕ್ಕ, ಫೋಟೋ ಚೆನ್ನಾಗಿ ಬರುತ್ತೆ" ಎಂದು ಹಟ ಹಿಡಿದಳು. ಕೋಟೆ ನೋಡಲು ರೇಷ್ಮೆ ಯಾಕೆ ಎನ್ನಿಸಿತು. ಆದರೂ ಉಟ್ಟೆ.

ದಾರಿ ಸುಮಾರು ನೂರಮೂವತ್ತು ಮೈಲಿ. ಚಳಿ ಹಿತವಾಗಿತ್ತು, ಬಿಸಿಲು ತೆಳ್ಳಗಿತ್ತು. ರಸ್ತೆಯ ಎರಡೂ ಬದಿ ಒಂದು ಬಳ್ಳಿ ಮರಗಳನ್ನೂ ವಿದ್ಯುತ್ ಕಂಬಗಳನ್ನೂ ಒಂದೇ ಸಮನೆ ನುಂಗಿಕೊಂಡು ಹಬ್ಬಿತ್ತು. ಕುಡ್ಜು ಎಂದು ಅದರ ಹೆಸರಂತೆ. ಹೊರದೇಶದಿಂದ ತಂದು ನೆಟ್ಟು, ಈಗ ಕಿತ್ತುಹಾಕಲಾಗದೆ ಶಪಿಸುತ್ತಾರಂತೆ. ಕೆರೊಲಿನಾ ಗಡಿ ದಾಟಿದ ಮೇಲೆ ರಸ್ತೆಬದಿಯಲ್ಲಿ ಮುದುಕನೊಬ್ಬ ಹಂಡೆಯಲ್ಲಿ ಕಡಲೆಕಾಯಿ ಬೇಯಿಸಿ ಮಾರುತ್ತಿದ್ದ. ಕಡಲೆಕಾಯಿ ಬೆಳೆಯುವ ನಮ್ಮ ಚಳ್ಳಕೆರೆ ಕಡೆಯವರಿಗೆ ಇದಕ್ಕಿಂತ ಆಶ್ಚರ್ಯ ಇನ್ನೇನು ಬೇಕು! ಉಪ್ಪು ಸ್ವಲ್ಪ ಜಾಸ್ತಿ, ಉಳಿದಂತೆ ನಮ್ಮದೇ ರುಚಿ. ಕೈಯೆಲ್ಲ ಒದ್ದೆ ಮಾಡಿಕೊಂಡು ತಿಂದೆ. "ಸೀರೆ ಮೇಲೆ ಬೀಳುತ್ತೆ ಅಕ್ಕ" ಎಂದಳು ವತ್ಸಲ, ಎರಡು ಸಲ.

ಕೋಟೆಯ ಮುಂದೆ ಇಳಿದಾಗ ಹತ್ತೂವರೆ. ಏಳು ಸುತ್ತಿನ ಕಲ್ಲಿನ ಕೋಟೆಯ ನೆರಳಲ್ಲಿ ಬೆಳೆದ ನನಗೆ ನಗು ಬಂತು. ತುದಿ ಚೂಪು ಮಾಡಿದ ಮರದ ದಿಮ್ಮಿಗಳನ್ನು ಸಾಲಾಗಿ ಹೂಳಿದ ಒಂದು ಚೌಕ. ಸುತ್ತ ಕಂದಕ, ಮೂಲೆಗೊಂದು ಮಣ್ಣಿನ ದಿಬ್ಬ, ದಿಬ್ಬದ ಮೇಲೊಂದು ಪುಟ್ಟ ಫಿರಂಗಿ. ಇನ್ನೂರು ವರ್ಷಕ್ಕೂ ಹಿಂದೆ ಇಂಗ್ಲಿಷರು ಕಟ್ಟಿದ್ದು ಎಂದೋ ಮಣ್ಣಾಗಿ, ಅದೇ ಅಳತೆಗೆ ಹೊಸದಾಗಿ ಕಟ್ಟಿದ್ದಂತೆ. ಬಾಗಿಲಲ್ಲಿ ತಲಾ ಒಂದು ಡಾಲರ್ ತೆಗೆದುಕೊಂಡರು.

ಒಳಗೆ ನಮಗಾಗಿ ಒಬ್ಬರು ಕಾಯುತ್ತಿದ್ದರು. "ಅರೆ, ಗುರುರಾಜ್ ಸಾರ್! ನೀವೂ ಇಲ್ಲಿ!" ಎಂದ ಕಾಂತ. ಐವತ್ತರ ಹತ್ತಿರದ ಮನುಷ್ಯ, ತುಮಕೂರಿನವರು, ಒಂದು ಗಂಟೆ ದೂರದ ಊರಿನಲ್ಲಿ ಡಾಕ್ಟರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತೆಂದು ವತ್ಸಲ ನನ್ನ ಕಿವಿಯಲ್ಲಿ ಹೇಳಿದಳು. ಅವರು ಕೈ ಮುಗಿದು, "ಪ್ರಯಾಣ ಸುಖವಾಗಿತ್ತಾ?" ಎಂದು ಕೇಳಿದರು.

ಕೋಟೆ ತೋರಿಸಲು ಬಂದವಳು ಬಿಳಿ ಟೋಪಿ, ಉದ್ದನೆಯ ಲಂಗ, ಏಪ್ರನ್ ತೊಟ್ಟ ಹೆಂಗಸು. ಹತ್ತು ಹನ್ನೆರಡು ಜನ ಅವಳ ಹಿಂದೆ ನಡೆದೆವು. ಸಿಪಾಯಿಗಳು ಮಲಗುತ್ತಿದ್ದ ಕೊಠಡಿ ತೋರಿಸಿದಳು. ಒಂದೊಂದು ಹಲಗೆಯ ಮೇಲೆ ಇಬ್ಬಿಬ್ಬರು. ಜಿಂಕೆಯ ಚರ್ಮ ಪೇರಿಸಿದ್ದ ವ್ಯಾಪಾರಿಯ ಅಂಗಡಿ ತೋರಿಸಿದಳು. ನದಿಯಾಚೆಯ ಚೆರೋಕಿ ಎಂಬ ಮೂಲನಿವಾಸಿ ಜನ ಚರ್ಮ ತಂದು ಕೊಟ್ಟು ಬಟ್ಟೆ, ಕೊಡಲಿ, ಮದ್ದುಗುಂಡು ಒಯ್ಯುತ್ತಿದ್ದರಂತೆ. ಬೂದಿಯ ನೀರಿಗೆ ಹಂದಿಯ ಕೊಬ್ಬು ಹಾಕಿ ಸಾಬೂನು ಕಾಯಿಸುವುದನ್ನು ಮಾಡಿಯೇ ತೋರಿಸಿದಳು. ವಾಸನೆಗೆ ವತ್ಸಲ ಮೂಗು ಮುಚ್ಚಿಕೊಂಡಳು.

"ಈ ಕೋಟೆಯಲ್ಲಿ ಹೆಂಗಸರೂ ಇದ್ದರು. ಬಟ್ಟೆ ಒಗೆಯೋಕೆ, ರೋಗಿಗಳನ್ನ ನೋಡಿಕೊಳ್ಳೋಕೆ. ಅವರಿಗೆ ಅರ್ಧ ಪಡಿ. ಗಂಡ ಸತ್ತರೆ ಬೇಗ ಇನ್ನೊಬ್ಬ ಸಿಪಾಯಿಯನ್ನ ಮದುವೆ ಆಗಬೇಕು, ಇಲ್ಲ ಹೊರಗೆ ನಡೀಬೇಕು" ಎಂದಳು. ಒಂದಿಬ್ಬರು ನಕ್ಕರು.

ಆಮೇಲೆ ಸಿಡುಬಿನ ಮಾತು ಬಂತು. ಕೋಟೆಯೊಳಗೂ ಬಂತು, ನದಿಯಾಚೆಯ ಊರಿಗೂ ಹೋಯಿತು. ಆ ಊರು ಹಾಳುಬಿತ್ತು. "ಆಗ ನರ್ಸ್ ಕೆಲಸಕ್ಕೆ ಹುಡುಕುತ್ತಿದ್ದದ್ದು ಮುಖದ ಮೇಲೆ ಕಲೆ ಇದ್ದ ಹೆಂಗಸರನ್ನೇ. ಒಮ್ಮೆ ಬಂದವರಿಗೆ ಮತ್ತೆ ಬರಲ್ಲವಲ್ಲ. ಚೆಂದದ ಮುಖಕ್ಕಿಂತ ಅಂಥ ಮುಖಕ್ಕೇ ಇಲ್ಲಿ ಬೆಲೆ..." ಎನ್ನುತ್ತಿದ್ದವಳ ಕಣ್ಣು ನನ್ನ ಮೇಲೆ ಬಿತ್ತು. ಮಾತು ಅಲ್ಲೇ ನಿಂತಿತು. ಅವಳು ಕುತ್ತಿಗೆಯವರೆಗೂ ಕೆಂಪಾದಳು. ಉಳಿದವರು ಅವಳು ನೋಡಿದತ್ತಲೇ ನೋಡಿದರು. ನನ್ನ ತಮ್ಮ ಫಿರಂಗಿಯ ಕಡೆಗೆ ನಡೆದುಹೋದ, ಯಾರೋ ಅಲ್ಲಿಂದ ಕೂಗಿದ ಹಾಗೆ. ವತ್ಸಲ ಅವನ ಹಿಂದೆಯೇ ಹೋದಳು.

"ನೀವು ಹೇಳಿ, ಆಮೇಲೆ ಏನಾಯಿತು?" ಎಂದು ನಾನೇ ಇಂಗ್ಲಿಷಿನಲ್ಲಿ ಕೇಳಿದೆ. ಅವಳು ತಡವರಿಸುತ್ತಾ ಮುಗಿಸಿದಳು.

ಗುರುರಾಜ್ ಮಾತ್ರ ಪಕ್ಕದಲ್ಲೇ ನಿಂತಿದ್ದರು. ಬಾವಿಯ ಹತ್ತಿರ ಬಂದಾಗ ನೇರವಾಗಿ ಕೇಳಿದರು: "ಎಷ್ಟನೇ ವಯಸ್ಸಲ್ಲಿ ಬಂದಿತ್ತು?"

"ಆರು."

"ಕಣ್ಣಿಗೆ ಏನೂ ಆಗಲಿಲ್ಲವಲ್ಲ, ಪುಣ್ಯ."

ಅಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಎಲ್ಲರೂ ನೋಡಿ, ನೋಡದವರಂತೆ ಇರುತ್ತಿದ್ದರು. ಎದೆ ಹಗುರಾಯಿತು. ಬಾವಿಯ ಕಟ್ಟೆಯ ಮೇಲೆ ಕೂತು ಮಾತಾಡಿದೆವು. ನಮ್ಮ ದುರ್ಗದ ಹೊಂಡಗಳ ಬಗ್ಗೆ, ಬೇಸಿಗೆಯಲ್ಲೂ ಬತ್ತದ ನೀರಿನ ಬಗ್ಗೆ ಹೇಳಿದೆ. ಅವರು ಶಾಲೆಯಿಂದ ಪ್ರವಾಸ ಬಂದಾಗ ಕೋಟೆಯಲ್ಲಿ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ತುಮಕೂರು ಸೇರಿದ್ದನ್ನು ಹೇಳಿದರು. ಇಬ್ಬರೂ ಜೋರಾಗಿ ನಕ್ಕೆವು. ಸುಳ್ಳೇಕೆ ಹೇಳಲಿ, ಆ ಸ್ವಲ್ಪ ಹೊತ್ತು ನನಗೆ ತುಂಬ ಇಷ್ಟವಾಗಿತ್ತು. ರೇಷ್ಮೆ ಸೀರೆ ಉಟ್ಟದ್ದು ಒಳ್ಳೆಯದಾಯಿತು ಎಂದೂ ಅನ್ನಿಸಿತು.

ಆಗ ಅವರು ಹೇಳಿದರು: "ಅಮ್ಮನಿಗೆ ಲಕ್ವ ಹೊಡೆದು ಮಲಗೇ ಇದಾರೆ. ಇಲ್ಲಿನ ನರ್ಸ್ ಕೈಯಲ್ಲಿ ಊಟ ಮಾಡಲ್ಲ. ಕನ್ನಡ ಬರೋರು ಹಗಲೆಲ್ಲ ಜೊತೆಲಿರಬೇಕು. ಕೋರ್ಟಲ್ಲಿ ಮದುವೆ ರಿಜಿಸ್ಟರ್ ಮಾಡಿಸಿದ್ರೆ ನಿಮ್ಮ ವೀಸಾ ಕಷ್ಟ ಆಗಲ್ಲ. ಈ ವಯಸ್ಸಲ್ಲಿ ನನಗೆ ಬೇರೆ ಅಪೇಕ್ಷೆ ಏನೂ ಇಲ್ಲ, ನಿಮಗೆ ಆ ಸಂಕೋಚ ಬೇಡ. ನೀವು ಒಪ್ಪಿದೀರ ಅಂತ ಶ್ರೀಕಾಂತ್ ಹೇಳಿದಾಗ ದೊಡ್ಡ ಭಾರ ಇಳಿದ ಹಾಗಾಯ್ತು."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು.

"ನಾನು ಯಾವುದಕ್ಕೂ ಒಪ್ಪಿಲ್ಲ. ನನಗೆ ಯಾರೂ ಏನೂ ಹೇಳಿಲ್ಲ" ಎಂದೆ.

ಅವರ ಮುಖ ಇಳಿಯಿತು. "ಕ್ಷಮಿಸಿ. ನಿಮಗೆ ಗೊತ್ತಿದೆ ಅಂದ್ಕೊಂಡೆ."  ಅಲ್ಲಿಗೇ ಬಿಟ್ಟಿದ್ದರೆ ಅವರ ಮೇಲೆ ನನಗೆ ಗೌರವ ಉಳಿಯುತ್ತಿತ್ತು. "ಆದ್ರೂ ಯೋಚನೆ ಮಾಡಿ ನೋಡಿ. ಅಲ್ಲಿ ನಿಮಗೆ ಅಂತ ಏನಿದೆ?"

"ಒಂಬತ್ತನೇ ಕ್ಲಾಸು ಇದೆ" ಎಂದು ಎದ್ದೆ.

ಮಧ್ಯಾಹ್ನ ನಾಲ್ವರೂ ಪೈನ್ ಮರಗಳ ಕೆಳಗೆ ಚಿತ್ರಾನ್ನ ತಿಂದೆವು. ಪೆಟ್ರೋಲಿನ ಬೆಲೆ, ಮನೆಗಳ ಬೆಲೆ ಎಂದು ಗಂಡಸರು ಮಾತಾಡಿದರು.  ಎರಡು ಗಂಟೆಗೆ ಗುರುರಾಜ್ ತಮ್ಮ ಊರಿಗೆ ಹೊರಟರು, ನಾವು ನಮ್ಮ ದಾರಿ ಹಿಡಿದೆವು.

ಜಾರ್ಜಿಯಾ ಗಡಿ ಬಂತು. ನಾನೇ ಕೇಳಿದೆ: "ಯಾಕೋ ಹೇಳಲಿಲ್ಲ?"

"ಹೇಳಿದ್ರೆ ನೀನು ಕಾರೇ ಹತ್ತುತ್ತಿರಲಿಲ್ಲ. ನಿನ್ನ ಒಳ್ಳೇದಕ್ಕೇ ಮಾಡಿದೆ ಅಕ್ಕ."

"ಅವರಿಗೆ ಬೇಕಾಗಿರೋದು ಆಯಾ."

"ಇರಲಿ! ಹೆಸರಿಗೆ ಹೆಂಡತಿ ತಾನೆ? ಸ್ವಂತ ಮನೆ ಇರೋ ಡಾಕ್ಟರು. ಊರಲ್ಲಿ ನಿನ್ನ ನೋಡೋಕೆ ಅಂತ ಬಂದವರು ಕಾಫಿ ಕೂಡ ಮುಗಿಸದೆ ಎದ್ದು ಹೋಗಿಲ್ವಾ? ಇವರು ನಿನ್ನ ಮುಖ ನೋಡಿಯೂ ಬೇಡ ಅನ್ನಲಿಲ್ಲ. ಇನ್ನೇನು ಬೇಕು ನಿನಗೆ?"

ವತ್ಸಲ "ರೀ, ಸಾಕು" ಎಂದಳು. ಅವನು ರೇಡಿಯೋ ಹಾಕಿದ.

ಅವನು ಹುಟ್ಟಿದಾಗ ನನಗೆ ಹತ್ತು ವರ್ಷ. ನನ್ನ ಸೊಂಟದ ಮೇಲೆಯೇ ಬೆಳೆದ. ನಾಲ್ಕೈದು ವರ್ಷದವನಿದ್ದಾಗ ನನ್ನ ಕೆನ್ನೆಯ ಕುಳಿಗಳಲ್ಲಿ ಬೆರಳಿಟ್ಟು "ಇದು ಯಾಕೆ ಅಕ್ಕ?" ಎಂದು ಕೇಳುತ್ತಿದ್ದ. ಮಳೆ ಹನಿ ಬಿದ್ದದ್ದು ಎನ್ನುತ್ತಿದ್ದೆ, ನಂಬುತ್ತಿದ್ದ. ಅಟ್ಲಾಂಟಾದ ಕಟ್ಟಡಗಳು ಕಾಣುವವರೆಗೆ ಅವನ ತಲೆಯ ಹಿಂಭಾಗವನ್ನು ನೋಡುತ್ತಾ ಕೂತಿದ್ದೆ.  

ಟಿಕೆಟ್ಟನ್ನು ಹದಿನೈದು ದಿನ ಮುಂಚಿನದಕ್ಕೆ ಬದಲಾಯಿಸಲು ಹೇಳಿದೆ. ಯಾರೂ ಇರು ಎನ್ನಲಿಲ್ಲ. ಮುಂದಿನ ಗುರುವಾರ ನ್ಯೂಯಾರ್ಕ್ ಮೂಲಕ ಮುಂಬಯಿಗೆ ವಿಮಾನ. ಹೊರಡುವ ಬೆಳಿಗ್ಗೆ ವತ್ಸಲ ನನ್ನ ಚೀಲಕ್ಕೆ ಸಾಬೂನು, ಚಾಕೊಲೇಟು ತುಂಬಿ, "ಬೇಜಾರು ಮಾಡ್ಕೋಬೇಡಿ ಅಕ್ಕ" ಎಂದಳು. ಅವಳ ಕಣ್ಣಲ್ಲಿ ನೀರಿತ್ತೋ ಏನೋ, ನಾನು ನೋಡಲಿಲ್ಲ.

ಕಾಂತ ಒಬ್ಬನೇ ವಿಮಾನ ನಿಲ್ದಾಣಕ್ಕೆ ಬಂದ. ವಿಮಾನ ಹತ್ತಲು ನನ್ನ ಸಾಲು ಕರೆದಾಗ, ಅಷ್ಟು ಜನರ ನಡುವೆ ಮಂಡಿಯೂರಿ ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಕಾಲು ಹಿಂದಕ್ಕೆ ತೆಗೆಯಲಿಲ್ಲ. ಆದರೆ ಯಾವಾಗಲೂ ಅವನ ತಲೆಯ ಮೇಲೆ ಇಡುವ ಕೈಯನ್ನು ಚೀಲದ ಹಿಡಿಯಿಂದ ಎತ್ತಲೂ ಇಲ್ಲ. ಬಾಗಿಲ ತಿರುವಿನಲ್ಲಿ ಒಮ್ಮೆ ಹಿಂದೆ ನೋಡಿದೆ. ಅವನು ನೆಟ್ಟಗೆ ನಿಂತು, ಪ್ಯಾಂಟಿನ ಮಂಡಿ ಒರೆಸಿಕೊಳ್ಳುತ್ತಾ, ತಾನು ಬಗ್ಗಿದ್ದನ್ನು ಯಾರಾದರೂ ಪರಿಚಯದವರು ಕಂಡರೇನೋ ಎಂದು ಅತ್ತಿತ್ತ ನೋಡುತ್ತಿದ್ದ.