ಮಂದಾಳ ರಕ್ತದಲ್ಲಿ ಉಳಿದದ್ದು

ಸಾಂಗಲಿಯ ಬಳಿಯ ಮಾಧವನಗರದ ಮಂದಾಗೆ ತನ್ನ ನೆಗೆಣ್ಣಿ ಸೋನಾಲಿಯನ್ನು ಕಂಡರೆ ಹೊಟ್ಟೆಕಿಚ್ಚು. ಇದು ಮನೆಯವರಿಗೆಲ್ಲ ಗೊತ್ತಿತ್ತು. ಸೋನಾಲಿಗೂ ಗೊತ್ತಿತ್ತು, ಆದರೆ ಗೊತ್ತಿಲ್ಲದವಳಂತೆ ಇರುವುದನ್ನು ಆಕೆ ರೂಢಿ ಮಾಡಿಕೊಂಡಿದ್ದಳು.

ಮಂದಾ ಹಿರಿಯ ಸೊಸೆ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಮೂವತ್ತಮೂರನೆಯ ವಯಸ್ಸಿಗೆ ಮಿರಜದ ಆಸ್ಪತ್ರೆಯೊಂದರಲ್ಲಿ ಗರ್ಭಕೋಶವನ್ನೇ ತೆಗೆಸಬೇಕಾಯಿತು. ಅದೇ ವರ್ಷ ಮೈದುನನ ಮದುವೆಯಾಗಿ ಸೋನಾಲಿ ಬಂದಳು. ಹತ್ತು ವರ್ಷದಲ್ಲಿ ಮೂರು ಹೆತ್ತಳು. ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಮೂರೂ ಬಾಣಂತನ ಇಲ್ಲೇ ಆದವು. ಅಂಟಿನುಂಡೆ ಕಟ್ಟಿದವಳು, ಕೂಸುಗಳಿಗೆ ಎಣ್ಣೆ ಹಚ್ಚಿ ಎರೆದವಳು ಮಂದಾ. ಎರೆದು ಒರೆಸಿದ ಕೂಸನ್ನು ಹಾಲಿಗೆಂದು ಸೋನಾಲಿಯ ಕೈಗೆ ಕೊಡುವುದು ಮಾತ್ರ ಆಕೆಗೆ ತಡೆಯಲಾರದ ಸಂಕಟ. ಕೊಟ್ಟವಳೇ ಒಳಗೆ ಹೋಗಿ ಪಾತ್ರೆಗಳನ್ನು ಸಪ್ಪಳ ಮಾಡುತ್ತ ತಿಕ್ಕುತ್ತಿದ್ದಳು.

ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಛತ್ರಿ, ರೇನ್‌ಕೋಟಿನ ಬಟ್ಟೆಗೆ ನೀರು ಹಿಡಿಯದಂತೆ ಔಷಧಿ ಹಾಕುವ ಕಾರ್ಖಾನೆ. ತೊಟ್ಟಿಯಲ್ಲಿ ಅದ್ದಿ ಬಿಸಿಗೆ ಒಣಗಿಸಿದ ಬಟ್ಟೆ ಇವರ ಮೇಜಿಗೆ ಬರುತ್ತಿತ್ತು. ಅದರ ಮೇಲೆ ನೀರು ಚಿಮುಕಿಸಿ, ಹನಿ ಉರುಳಿ ಹೋಗುತ್ತದೆಯೋ ಇಲ್ಲವೋ ನೋಡಿ ಮಡಚಿಡುವುದು ಕೆಲಸ. ಬಾಣಂತನದ ತಿಂಗಳುಗಳನ್ನು ಬಿಟ್ಟರೆ ಹತ್ತು ವರ್ಷ ಇಬ್ಬರೂ ಆ ಒಂದೇ ಮೇಜಿಗೆ ನಿಂತಿದ್ದರು.

ಹೋದ ವರ್ಷ ಮಿರಜದಿಂದ ಸಂಶೋಧನೆಯವರು ಬಂದು ನಲವತ್ತು ಜನ ಕೆಲಸಗಾರರ ರಕ್ತ ತೆಗೆದುಕೊಂಡು ಹೋದರು. ಆ ಔಷಧಿ ಎಷ್ಟರ ಮಟ್ಟಿಗೆ ಮೈಯಲ್ಲಿ ಸೇರಿದೆ ಎಂದು ನೋಡುವುದಿತ್ತು. ಮೂರು ತಿಂಗಳಿಗೆ ಲಕೋಟೆಗಳು ಬಂದವು. ಮನೆಗೆ ಬರುವಾಗ ಶೇರ್ ಆಟೋದಲ್ಲಿ ಸೋನಾಲಿ ತನ್ನದನ್ನು ಬಿಚ್ಚಿ ತೋರಿಸಿದಳು. ಔಷಧಿಯ ಮಟ್ಟ ಹದಿನೇಳು. ಮಂದಾಳದು ನಲವತ್ತೊಂದು.

ಮಂದಾಗೆ ಮೈಯೆಲ್ಲ ಉರಿಯಿತು. ಒಂದೇ ಮೇಜು, ಒಂದೇ ಬಟ್ಟೆ, ಇದರಲ್ಲೂ ಅವಳಿಗೇ ಒಳ್ಳೆಯದು. ಕಿಟಕಿಯ ಬದಿಗೆ ಸೋನಾಲಿ ನಿಂತು, ಬಿಸಿ ಬಟ್ಟೆ ಬರುವ ಬದಿಗೆ ಬೇಕಂತಲೇ ತನ್ನನ್ನು ನಿಲ್ಲಿಸುತ್ತಿದ್ದಳು ಎಂದು ಮಂದಾ ಲೆಕ್ಕ ಹಾಕಿದಳು. ಮರುದಿನ ಯಾರಿಗೂ ಹೇಳದೆ ರಜೆ ಹಾಕಿ ಮಿರಜಕ್ಕೆ ಹೋದಳು.

ಅಲ್ಲಿ ಮೃಣಾಲ ಎಂಬ ಸಂಶೋಧಕಿ ಸಿಕ್ಕಳು. ಸಾಂಗಲಿಯ ಕನ್ನಡ ಮನೆತನದ ಹುಡುಗಿ. ಅರ್ಧ ಮರಾಠಿ ಬೆರೆಸಿ ಮಾತಾಡುತ್ತಿದ್ದಳು, ಮಂದಾಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಬೇರೆಯವರ ರಿಪೋರ್ಟಿನ ಬಗ್ಗೆ ತಾನು ಹೇಳುವಂತಿಲ್ಲ, ಆದರೆ ಹೆಂಗಸರಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಎಂಬುದನ್ನು ತಿಳಿಸುತ್ತೇನೆ ಎಂದಳು. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇದೆ. ಕೊಬ್ಬಿನ ಅಂಶವನ್ನು ಹೊತ್ತು ತಿರುಗುವುದು ಅದರ ಕೆಲಸಗಳಲ್ಲಿ ಒಂದು. ಈ ರಾಸಾಯನಿಕದ ರೂಪವೂ ಹಾಗೇ ಇರುವುದರಿಂದ ಅದು ಅದೇ ಜಾಗಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿಕೊಂಡದ್ದನ್ನು ಮೂತ್ರಪಿಂಡ ಸುಲಭವಾಗಿ ಸೋಸಿ ಹೊರಹಾಕಲಾರದು, ವರ್ಷಗಟ್ಟಲೆ ಉಳಿಯುತ್ತದೆ. ರಕ್ತ ಹೋದಾಗ ಅದೂ ಒಂದಿಷ್ಟು ಹೋಗುತ್ತದೆ. ಮುಟ್ಟಿನಲ್ಲಿ ಹೋಗುತ್ತದೆ. ಬಸುರಿನಲ್ಲಿ, ಎದೆಹಾಲಿನಲ್ಲಿ ಕೂಸಿಗೂ ಹೋಗುತ್ತದೆ.

"ಗರ್ಭಕೋಶ ತೆಗೆದವರಲ್ಲಿ ಜಾಸ್ತಿ ಉಳಿತದ ಮಾವಶಿ. ಆದ್ರ ಹಾಲು ಬಿಡಿಸ್ರಿ ಅಂತ ನಾವು ಯಾರಿಗೂ ಹೇಳಂಗಿಲ್ಲ. ಕೂಸಿಗೆ ಹಾಲಿಂದ ಆಗೋ ಒಳ್ಳೇದೇ ಹೆಚ್ಚು," ಎಂದಳು ಮೃಣಾಲ.

ಮಂದಾ ಮನೆಗೆ ಬಂದಾಗ ಸೋನಾಲಿ ಹತ್ತು ತಿಂಗಳ ಸಂಪದಾಗೆ ಹಾಲು ಕುಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಅತ್ತೆ ಸುಶೀಲಾಬಾಯಿ ಮೊಮ್ಮಗಳ ಕಾಲು ನೀವುತ್ತಿದ್ದಳು. ಮಂದಾ ಚಪ್ಪಲಿಯನ್ನೂ ಬಿಡಲಿಲ್ಲ.

"ನಿಂದು ಯಾಕ ಕಡಿಮಿ ಬಂತು ಗೊತ್ತೈತೇನ? ನಿನ್ನ ಮೈಯಾಗಿನ ವಿಷ ಈ ಮೂರು ಕೂಸಿನ ಮೈಯಾಗ ಹೋಗೇತಿ. ಈಗೂ ಹಾಲಿನಾಗ ಹೊಂಟೈತಿ."

ಸೋನಾಲಿ ಮಗುವನ್ನು ಎದೆಯಿಂದ ಬಿಡಿಸಿ ದೂರ ಹಿಡಿದಳು. ಸಂಪದಾ ಕಿರಿಚಿ ಅಳತೊಡಗಿತು. ಮೃಣಾಲ ಹೇಳಿದ ಕೊನೆಯ ಮಾತನ್ನು ಮಂದಾ ಹೇಳಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು, ಬೇಕಂತಲೇ ನುಂಗಿಕೊಂಡಳು. ಆ ಕ್ಷಣ ಆಕೆಗೆ ಒಳಗೊಳಗೇ ಸುಖವೆನಿಸಿತು.

ಸೋನಾಲಿ ಎರಡು ದಿನ ಕೂಸಿಗೆ ಹಾಲು ಕೊಡಲಿಲ್ಲ. ಮೇಲಿನ ಹಾಲು ಹಾಕಿದರೆ ಸಂಪದಾ ಉಗುಳುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಸೋನಾಲಿಯ ಎದೆ ಕಲ್ಲಾಗಿ ಜ್ವರ ಏರಿತು. ಮಂದಾ ಹಣೆ ಮುಟ್ಟಿ ನೋಡಿದಳು, ಕೈ ಸುಟ್ಟಂತಾಯಿತು. ಅಲ್ಲೇ ಕೂತುಬಿಟ್ಟಳು.

"ಹಾಲು ಬಿಡಿಸಬ್ಯಾಡ ಅಂತ ಮ್ಯಾಡಂ ಹೇಳಿದ್ರು. ನಾ ನಿನಗ ಹೇಳಲಿಲ್ಲ."

ಸೋನಾಲಿ ಗೋಡೆಯ ಕಡೆಗೆ ಹೊರಳಿದಳು.

"ನಾ ಕುಡಸೋದು ನೋಡಿದ್ರ ನಿಮಗ ಆಗಂಗಿಲ್ಲ ಅಂತ ನನಗ ಗೊತ್ತೈತಿ ಅಕ್ಕಾ. ಆದ್ರ ಕೂಸು ಎರಡು ದಿನ ಅತ್ತೈತಿ. ಅದನ್ನ ಕೇಳಕೋತ ಹೆಂಗ ಕುಂತ್ರಿ?"

ಮಂದಾ ಎದ್ದಳು. ಆಟೋ ಕರೆದು ತಾಯಿ ಮಗುವನ್ನು ಮಿರಜಕ್ಕೆ ಕರೆದೊಯ್ದಳು. ವೈದ್ಯರು ಔಷಧಿ ಕೊಟ್ಟು, ಹಾಲು ನಿಲ್ಲಿಸದಿರುವುದೇ ಮದ್ದು ಎಂದರು. ವಾರದಲ್ಲಿ ಹಾಲು ಮೊದಲಿನಂತಾಯಿತು. ಮಾತು ಆಗಲಿಲ್ಲ. ಬೇಕಾದಷ್ಟನ್ನೇ ಆಡುತ್ತ ಸೋನಾಲಿ ಎರಡು ತಿಂಗಳು ಕಳೆದಳು.

ಈ ನಡುವೆ ಮಂದಾ ತಾನೇ ಮ್ಯಾನೇಜರನ ಮುಂದೆ ಹೋಗಿ ನಿಂತಳು. ಕೂಸಿನ ತಾಯಂದಿರನ್ನು ಆ ಮೇಜಿನಿಂದ ತೆಗೆಯಿರಿ ಎಂದು ಕೇಳಿದಳು. ಸಂಶೋಧನೆಯವರೂ ಬರೆದು ಕೊಟ್ಟಿದ್ದರಿಂದ ಅವನು ಸೋನಾಲಿಯನ್ನು ಹೊಲಿಗೆಯ ಕಡೆಗೆ ಹಾಕಿದ. ಅಲ್ಲಿ ಫ್ಯಾನಿತ್ತು, ಕೂತು ಮಾಡುವ ಕೆಲಸ. ಮಂದಾ ಕೈಗವಸು ಹಾಕಿಕೊಂಡು ಹಳೆಯ ಜಾಗದಲ್ಲೇ ಉಳಿದಳು. ಊಟದ ಹೊತ್ತಿಗೆ ಸೋನಾಲಿ ಕುರ್ಚಿಗೊರಗಿ ನಗುತ್ತಿರುವುದು ಕಂಡರೆ, ತಾನೇ ಕೇಳಿ ಕೊಡಿಸಿದ್ದು ಎಂಬುದನ್ನು ಮರೆತು ಆಕೆ ತನ್ನ ಡಬ್ಬಿ ಹಿಡಿದು ಆ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದಳು.

ಈ ವರ್ಷ ಮತ್ತೆ ರಕ್ತ ತೆಗೆದರು. ಮಂದಾಳದು ಮೂವತ್ತೆಂಟಕ್ಕೆ ಇಳಿದಿತ್ತು. ಸೋನಾಲಿಗೆ ಹೇಳಿದಾಗ ಆಕೆ, "ಇಳದೈತಲ್ಲ, ಚಲೋ ಆತು ಅಕ್ಕಾ," ಎಂದಳು. ಅವಳದೆಷ್ಟು ಎಂದು ಕೇಳಬೇಕೆಂದು ಮಂದಾಗೆ ಬಹಳ ಅನಿಸಿತು. ಕೇಳಲಿಲ್ಲ.