ಮುತ್ತಿನ ಸರ ಕದ್ದವರು ಯಾರು

ನಂಜಮ್ಮ ದೇವೀರಪ್ಪನನ್ನು ಮದುವೆಯಾಗಲು ಒಪ್ಪಿದ್ದು ಅವನ ಮೀಸೆ ನೋಡಿ ಅಲ್ಲ, ಬಾಳ್ಳುಪೇಟೆಯ ಹೆದ್ದಾರಿಯಲ್ಲಿ ಅವನಿಗಿದ್ದ ಪಂಕ್ಚರ್ ಅಂಗಡಿ ನೋಡಿಯೂ ಅಲ್ಲ. ಒಂದು ಪಿಕ್ಚರಿನ ಕೊನೆ ಅವನಿಗೆ ಗೊತ್ತಿದೆ ಎಂದುಕೊಂಡು ಒಪ್ಪಿದ್ದು.

ಆ ಕಾಲಕ್ಕೆ ಬೇಸಗೆ ಬಂತೆಂದರೆ ಆಲೂರಿನ ಸಂತೆ ಬಯಲಿನಲ್ಲಿ ಟೆಂಟ್ ಸಿನಿಮಾ ಹಾಕುತ್ತಿದ್ದರು. ಕುಂದೂರಿನ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಸಂಜೆಯ ಬಸ್ಸಿಗೆ ಬಂದು, ಮುಂದೆ ಮರಳಿನ ಮೇಲೆ ಕೂತು ನೋಡಿ, ಕೊನೆಯ ಬಸ್ಸಿಗೆ ಊರು ಸೇರುವುದು. ಆ ವರ್ಷ ಬಂದದ್ದು ‘ಪೇಪರ್ ಪತ್ತೇದಾರರು’ ಅಂತ ಒಂದು ನಗೆ ಪಿಕ್ಚರ್. ಆಗಲೇ ಅದು ಹಳೆಯದು, ಕಪ್ಪು ಬಿಳುಪು, ಪರದೆ ತುಂಬ ಮಳೆ ಸುರಿದಂತೆ ಗೆರೆ. ಆದರೆ ನಕ್ಕು ನಕ್ಕು ನಂಜಮ್ಮನ ಪಕ್ಕೆ ಹಿಡಿದುಕೊಂಡಿತ್ತು.

ಕತೆ ಇಷ್ಟೇ. ಒಂದು ಪೇಪರ್ ಆಫೀಸು. ಅಲ್ಲಿ ಅಚ್ಚಿನ ತಪ್ಪು ತಿದ್ದುವ ಒಬ್ಬ ಕಡ್ಡಿ ಪೈಲ್ವಾನ, ಫೋಟೋ ತೆಗೆಯುವ ಒಬ್ಬ ಡುಮ್ಮಣ್ಣ. ಜಮೀನ್ದಾರರ ಮನೆಯಲ್ಲಿ ಡುಮ್ಮಣ್ಣ ಕರಿ ಬಟ್ಟೆಯೊಳಗೆ ತಲೆ ತೂರಿಸಿ ಫೋಟೋ ತೆಗೆದ ದಿನವೇ ಜಮೀನ್ದಾರಿಣಿಯ ಮುತ್ತಿನ ಸರ ಕಾಣೆಯಾಗುತ್ತದೆ. ಕಳ್ಳನನ್ನು ಹಿಡಿದು ತರದಿದ್ದರೆ ಇಬ್ಬರೂ ಕೆಲಸ ಬಿಡಿ ಅನ್ನುತ್ತಾರೆ ಎಡಿಟರು. ಸರಿ, ಇಬ್ಬರೂ ಪತ್ತೇದಾರರಾಗಿ ಹೊರಡುತ್ತಾರೆ. ಅಡುಗೆ ಭಟ್ಟನ ಮೇಲೆ ಅನುಮಾನ, ಡ್ರೈವರ್ ಮೇಲೆ ಅನುಮಾನ, ಅಂಟಿಸಿದ ಮೀಸೆಯ ಸಂಗೀತದ ಮೇಷ್ಟ್ರ ಮೇಲೆ ಅನುಮಾನ, ಎಡಿಟರ ಭಾವಮೈದುನನ ಮೇಲಂತೂ ಭಾರೀ ಅನುಮಾನ. ಕೊನೆಗೆ ಎಲ್ಲರನ್ನೂ ಪೇಪರ್ ಆಫೀಸಿನಲ್ಲಿ ಸೇರಿಸಿ, ಕಡ್ಡಿ ಪೈಲ್ವಾನ ಮೇಜಿನ ಮೇಲೆ ಹತ್ತಿ ನಿಂತು ಬೆರಳೆತ್ತಿ, ‘ಕಳ್ಳ ಈ ಕೋಣೆಯಲ್ಲೇ ಇದ್ದಾನೆ’ ಅನ್ನುತ್ತಾನೆ.

ಅಷ್ಟರಲ್ಲಿ ಹೊರಗೆ ಕುಂದೂರಿನ ಬಸ್ಸಿನ ಹಾರನ್ನು ಬಡಿದುಕೊಂಡಿತು. ಇಡೀ ಕುಂದೂರು ಸೆರಗು ಕೊಡವಿಕೊಂಡು ಎದ್ದಿತು. ನಂಜಮ್ಮನ ಚಿಕ್ಕಮ್ಮ ಅವಳ ರಟ್ಟೆ ಹಿಡಿದು ಎಳೆದುಕೊಂಡೇ ಹೋದಳು. ಅವಳು ಹಿಂದಕ್ಕೆ ತಿರುಗಿ ತಿರುಗಿ ನೋಡಿದರೂ ಕಂಡದ್ದು ಆ ಎತ್ತಿದ ಬೆರಳೊಂದೇ.

ಮುಂದಿನ ತಿಂಗಳೇ ಬಾಳ್ಳುಪೇಟೆಯಿಂದ ಹೆಣ್ಣು ನೋಡಲು ಬಂದರು. ಉಪ್ಪಿಟ್ಟು ಕಾಫಿ ಆದ ಮೇಲೆ ಹುಡುಗನ ಕಡೆಯ ಹಿರಿಯರೊಬ್ಬರು, “ಏನಾದ್ರೂ ಕೇಳಾದಿದ್ರೆ ಕೇಳವ್ವ, ನಾಚ್ಕೋಬೇಡ” ಅಂದರು. ಬಾಯುಪಚಾರಕ್ಕೆ ಅಂದ ಮಾತು. ನಂಜಮ್ಮ ಕೇಳಿಯೇಬಿಟ್ಟಳು.

“ಪೇಪರ್ ಪತ್ತೇದಾರರು ನೋಡಿದ್ರಾ?”

ಚಿಕ್ಕಮ್ಮ ಬಾಗಿಲ ಸಂದಿಯಿಂದ ಕಣ್ಣು ಬಿಟ್ಟಳು. ದೇವೀರಪ್ಪ ಮಾತ್ರ ಸಲೀಸಾಗಿ, “ನೋಡಿದೀನಿ, ಸಕಲೇಶಪುರದಲ್ಲಿ” ಅಂದ.

“ಪೂರ್ತಿನಾ?”

“ಎದ್ದು ಹೋಗಕ್ಕೆ ನಮ್ಗೇನು ಕುಂದೂರು ಬಸ್ಸಾ?”

“ಹಂಗಾರೆ ಸರ ಕದ್ದಿದ್ದು ಯಾರು?”

ದೇವೀರಪ್ಪ ಕಾಫಿ ಲೋಟದ ತಳ ನೋಡಿದ. ಆಮೇಲೆ ಹೇಳಿದ: “ಇಲ್ಲಿ ಹೇಳೋ ಮಾತಲ್ಲ ಅದು. ಬಾಳ್ಳುಪೇಟೆಗೆ ಬಂದ್ಮೇಲೆ ಹೇಳ್ತೀನಿ.”

ನಂಜಮ್ಮ ಒಪ್ಪಿದಳು.

ಮಾತಿಗೆ ತಪ್ಪದೆ ಹೇಳಿದ. ಮದುವೆಯಾದ ವಾರಕ್ಕೇ, “ಡ್ರೈವರು ಕಣೆ” ಅಂದ. ನಂಜಮ್ಮನಿಗೆ ಸಮಾಧಾನವಾಯಿತು. ಆದರೆ ಬೇಸಗೆ ಕಳೆಯುವುದರೊಳಗೆ ಒಂದು ಸಂಜೆ ಅಂಗಡಿ ಮುಚ್ಚಿ ಬಂದವನು ಕೈಗೆ ಸೋಪು ಹಚ್ಚುತ್ತ, “ಡ್ರೈವರಲ್ಲ, ಅಡುಗೆ ಭಟ್ಟ. ಆವತ್ತು ತಪ್ಪು ಹೇಳ್ಬುಟ್ಟೆ” ಅಂದ. ಮೊದಲ ಮಗ ಪ್ರವೀಣ ಹುಟ್ಟಿದಾಗ ಕಳ್ಳ ಸಂಗೀತದ ಮೇಷ್ಟ್ರಾಗಿದ್ದ. ಮನೆಗೆ ಹೆಂಚು ಹೊದಿಸಿದ ವರ್ಷ ಎಡಿಟರ ಭಾವಮೈದುನ. ಒಮ್ಮೆ ಮಾತ್ರ ಜಮೀನ್ದಾರಿಣಿಯೇ ತನ್ನ ಸರ ತಾನೇ ಕದ್ದಳು ಅಂತ ಬಂದು ಹೇಳಿ, ನಂಜಮ್ಮ ಬಿಡಿಸುತ್ತಿದ್ದ ಅವರೆಕಾಯಿಯ ಸಿಪ್ಪೆಯನ್ನು ತಲೆಯ ಮೇಲೆ ಸುರಿಸಿಕೊಂಡ.

“ನನ್ನ ಆಟ ಆಡ್ಸಕ್ಕೇ ನಿಮಗೆ ಆ ಪಿಕ್ಚರ್ ಸಿಕ್ಕಿರಾದು” ಅನ್ನುವಳು ಅವಳು.

“ಈ ಸಲ ಗ್ಯಾರಂಟಿ ಕಣೆ” ಅನ್ನುವನು ಅವನು.

ಹೀಗೆ ಒಂದು ಜನ್ಮ ಕಳೆಯಿತು. ಲಾರಿಗಳು ದೊಡ್ಡವಾದವು, ಟೈರುಗಳು ದೊಡ್ಡವಾದವು, ರಸ್ತೆ ಅಗಲವಾಗಿ ಅಂಗಡಿ ಎರಡು ಸಲ ಹಿಂದಕ್ಕೆ ಸರಿಯಿತು. ದೇವೀರಪ್ಪ ತೀರಿಕೊಂಡ ಮೇಲೆ ಪ್ರವೀಣ ಅದೇ ಅಂಗಡಿಗೆ ಗಾಳಿಯ ಮೆಷಿನ್ನು ಹಾಕಿಸಿದ. ನಂಜಮ್ಮ ಮನೆಯ ಜಗಲಿಯಲ್ಲಿ ಕೂತು ಹಳೆಯ ಪೇಪರು ಮಡಚಿ, ಗಂಜಿಯಿಂದ ಅಂಟಿಸಿ, ಬಾಳ್ಳುಪೇಟೆಯ ದಿನಸಿ ಅಂಗಡಿಗಳಿಗೆ ಪೊಟ್ಟಣ ಮಾಡಿ ಕೊಡುತ್ತಾಳೆ. ಪ್ಲಾಸ್ಟಿಕ್ ನಿಂತ ಮೇಲೆ ಪೊಟ್ಟಣಕ್ಕೆ ಮತ್ತೆ ಗಿರಾಕಿ ಬಂದಿದೆ. ಅವಳು ಓದಿದ್ದು ಮೂರನೇ ಕ್ಲಾಸು, ಆದರೂ ಅಂಟಿಸುವ ಮೊದಲು ಓದದೆ ಬಿಡುವುದಿಲ್ಲ. ಕಳ್ಳತನದ ಸುದ್ದಿ ಸಿಕ್ಕರಂತೂ ಅದರ ಮುಂದಿನ ತುಂಡು ಹುಡುಕಿ ಇಡೀ ಗಂಟನ್ನೇ ಹರವುತ್ತಾಳೆ.

ಒಂದು ಮಧ್ಯಾಹ್ನ ಹಾಗೆ ಹರವಿಕೊಂಡು ಕೂತಿದ್ದಾಗಲೇ ಪಕ್ಕದ ಮನೆಯ ಪುಷ್ಪಾ ಬಂದಳು. ಪುಷ್ಪಾ ದೇವೀರಪ್ಪನ ತಂಗಿ, ನಂಜಮ್ಮನಿಗೆ ನಾದಿನಿ. ಅವಳ ನಾಲಿಗೆಗೆ ಎಂದೂ ತುಕ್ಕು ಹಿಡಿದದ್ದಿಲ್ಲ.

“ಏನತ್ತಿಗೆ, ಇನ್ನೂ ಕಳ್ಳನ್ನೇ ಹುಡುಕ್ತಿದೀಯಾ?”

“ನಿಮ್ಮಣ್ಣ ಹೇಳ್ದೆ ಹೋಗ್ಬುಟ್ರಲ್ಲ.”

“ಗೊತ್ತಿದ್ರೆ ಅಲ್ವಾ ಹೇಳಾದು. ಅಣ್ಣ ಆ ಪಿಕ್ಚರೇ ನೋಡಿಲ್ಲ ಕಣತ್ತಿಗೆ. ಹುಡ್ಗಿ ಕೈ ತಪ್ಪೋಗ್ತಾಳಲ್ಲಾ ಅಂತ ಬಾಯಿಗ್ ಬಂದಿದ್ದು ಹೇಳ್ಬುಟ್ಟ. ನೀನು ನಂಬ್ಕೊಂಡು ಬಂದೆ.”

ಪುಷ್ಪಾ ನಗುತ್ತಲೇ ಹೇಳಿದ್ದು. ಆದರೆ ಗಂಜಿ ಹತ್ತಿದ್ದ ನಂಜಮ್ಮನ ಬೆರಳು ಅಲ್ಲೇ ನಿಂತಿತು. ಆಟ ಆಡಿಸಿದ್ದು ಬೇರೆ, ಅದಕ್ಕೆ ಅವಳ ಅಭ್ಯಂತರವಿಲ್ಲ. ಆದರೆ ಮದುವೆಯ ಮೊದಲ ಮಾತೇ ಸುಳ್ಳಾಗಿದ್ದರೆ? ನೋಡಿದ್ದೇನೆ ಅಂದದ್ದೇ ಸುಳ್ಳಾಗಿದ್ದರೆ? ಆ ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದವಳೇ ಪುಷ್ಪಾಳ ಬಾಗಿಲು ಬಡಿದು, “ಹೊರಡು, ನೀನೇ ಹಚ್ಚಿದ್ದು, ನೀನೇ ಬಾ. ನಿಮ್ಮಣ್ಣ ಸುಳ್ಳ ಹೌದಾ ಅಲ್ವಾ, ಎರಡರಲ್ಲಿ ಒಂದು ಗೊತ್ತಾಗ್ಬೇಕು” ಅಂದಳು.

ಹೊರಡುವ ಮೊದಲು ಸೊಸೆ ಸುಚಿತ್ರಾ ಫೋನಿನಲ್ಲಿ ಹುಡುಕಿ ನೋಡಿದಳು. ಪಿಕ್ಚರ್ ಸಿಗಲಿಲ್ಲ, ಅದರದ್ದೊಂದು ಹಾಡು ಮಾತ್ರ ಸಿಕ್ಕಿತು. ಯಾರೋ ಪುಣ್ಯಾತ್ಮರು ಹಾಕಿದ್ದರು. ಸುಚಿತ್ರಾ ಅದರ ಕೆಳಗೆ, ‘ಪೂರ್ತಿ ಇದ್ದರೆ ದಯವಿಟ್ಟು ಹಾಕಿ, ನಮ್ಮ ಅತ್ತೆಗೆ ಕೊನೆ ನೋಡಬೇಕಾಗಿದೆ’ ಅಂತ ಬರೆದಳು.

ಅತ್ತಿಗೆ ನಾದಿನಿ ಮೊದಲು ಹೋದದ್ದು ಆಲೂರಿಗೆ. ಅಲ್ಲಿ ನಂಜಮ್ಮನ ಅಕ್ಕನ ಗಂಡ ತೋಟಪ್ಪನ ಮನೆ ಸಂತೆ ಬಯಲಿನ ಎದುರಿಗೇ ಇದೆ. ಅವರಿಗೆ ಬಸ್ಸಿನ ಗೊಡವೆ ಇರಲಿಲ್ಲ, ಟೆಂಟಿನಲ್ಲಿ ಕೊನೆಯವರೆಗೂ ಕೂತವರು.

“ಓಹೋ, ಚೆನ್ನಾಗ್ ನೆನಪೈತೆ. ಕೊನೇಲಿ ಮದುವೆ ಆಯ್ತು” ಅಂದರು ತೋಟಪ್ಪ.

“ಯಾರದು ಭಾವ?”

“ಒಬ್ಬ ಹುಡುಗ, ಒಬ್ಳು ಹುಡುಗಿ. ಎತ್ತಿನ ಗಾಡಿ ತುಂಬ ಜನ. ವಾಲಗದೋರು. ಮುಗೀತು.”

“ಕಳ್ಳ ಯಾರು ಅಂತ?”

“ಮದುವೆ ಮನೇಲಿ ಕಳ್ಳನ್ನ ಯಾರು ಕೇಳ್ತಾರೆ ಮಾರಾಯ್ತಿ.”

“ಅಲ್ಲ ಭಾವ, ಆ ಹುಡುಗಿ ಮೊದ್ಲು ಎಲ್ಲಿ ಬಂದಿದ್ಲು? ಪೇಪರ್ ಆಫೀಸಲ್ಲಿ ಹುಡುಗೀನೇ ಇರ್ಲಿಲ್ಲ.”

ತೋಟಪ್ಪ ಬಾಯಿಗೆ ಹಾಕಬೇಕಿದ್ದ ಎಲೆಯನ್ನು ಕೈಯಲ್ಲೇ ಹಿಡಿದು ಯೋಚಿಸಿದರು. “ಹೌದಲ್ವಾ. ಹುಡುಗಾನೂ ಇರ್ಲಿಲ್ಲ.”

“ಎತ್ತಿನ ಗಾಡೀನೂ ಇರ್ಲಿಲ್ಲ” ಅಂದಳು ಪುಷ್ಪಾ. ಕೇಳಿ ಕೇಳಿ ಅವಳಿಗೂ ಕತೆ ಬಾಯಿಪಾಠವಾಗಿತ್ತು. “ಎಲ್ಲಾ ಮೋಟಾರ್ ಕಾರಲ್ಲಿ ಓಡಾಡೋ ಜನ. ಏನೋ ಐತೆ ಅತ್ತಿಗೆ ಇದ್ರಲ್ಲಿ.”

ಕೆಣಕಲು ಬಂದಿದ್ದ ನಾದಿನಿಗೂ ಈಗ ಪತ್ತೇದಾರಿಕೆಯ ರುಚಿ ಹತ್ತಿತ್ತು.

ತೋಟಪ್ಪನೇ ಹೇಳಿದರು: ಆಗ ಒಂದೇ ಪಿಕ್ಚರನ್ನು ಸಕಲೇಶಪುರದಲ್ಲೂ ಆಲೂರಲ್ಲೂ ಆಡಿಸುತ್ತಿದ್ದರು, ಅಲ್ಲಿ ಮುಗಿದ ರೀಲಿನ ಡಬ್ಬಿಗಳನ್ನು ಬಸ್ಸಿನ ಮೇಲೆ ಇಲ್ಲಿಗೆ ತರುತ್ತಿದ್ದವನು ಲಕ್ಕಪ್ಪ ಅಂತ. ಆಮೇಲೆ ಸಕಲೇಶಪುರದ ಹತ್ತಿರ ಒಂದು ಎಸ್ಟೇಟಿನ ಸ್ಟೋರಿನಲ್ಲಿ ಕಾವಲಿಗೆ ಸೇರಿದ. ಬದುಕಿದ್ದರೆ ಅಲ್ಲೇ ಮಗಳ ಮನೆಯಲ್ಲಿರಬೇಕು.

ಬದುಕಿದ್ದ. ಎಸ್ಟೇಟಿನ ಆಳುಗಳ ಲೈನಿನ ಮನೆಯ ಮುಂದೆ ಕಂಬಳಿ ಹೊದ್ದು ಬಿಸಿಲು ಕಾಯಿಸುತ್ತಿದ್ದ. ಹಲ್ಲು ಹೋಗಿದ್ದರೂ ಮಾತು ಗಟ್ಟಿಯಿತ್ತು. ಪಿಕ್ಚರಿನ ಹೆಸರು ಹೇಳಿದ್ದೇ ತಡ, ಕಂಬಳಿಯೊಳಗೇ ಕುಲುಕುಲು ನಗತೊಡಗಿದ.

“ಮಾಲೀಕರು ತೀರ್ಕೊಂಡ್ರು, ಇನ್ನೇನು ಹೇಳ್ಬೋದು ಬುಡು. ಅದ್ರ ಕೊನೇ ಡಬ್ಬಿ ಹಾಸನದಿಂದ ಬರ್ಲೇ ಇಲ್ಲ ಕಣವ್ವ. ಎಲ್ಲೋ ಕಳೆದೋಗಿತ್ತು. ಆಟ ನಿಲ್ಸಂಗಿಲ್ಲ. ಅದ್ಕೇ ಮಾಲೀಕರು ಇನ್ಯಾವುದೋ ಪಿಕ್ಚರಿನ ಕೊನೇ ರೀಲು ಅಂಟ್ಸಿ ಆಡ್ಸಿ ಅಂದ್ರು. ‘ಎಲ್ಲಾ ಪಿಕ್ಚರ್ ಕೊನೇಲೂ ಮದುವೇನೇ ಕಣ್ಲಾ, ಯಾವನಿಗ್ ಗೊತ್ತಾಗ್ತದೆ’ ಅಂದ್ರು. ಒಬ್ರೂ ಕೇಳ್ಲಿಲ್ಲ. ಚಪ್ಪಾಳೆ ಹೊಡ್ದು ಎದ್ದೋದ್ರು.”

“ಸಕಲೇಶಪುರದಲ್ಲೂ ಅದೇನಾ?” ನಂಜಮ್ಮನ ದನಿ ಸಣ್ಣಗಾಯಿತು.

“ಅಲ್ಲೂ ಅದೇ ಮದುವೆ.”

ಪುಷ್ಪಾ ಅತ್ತಿಗೆಯ ಮುಖ ನೋಡಿದಳು. ಅಣ್ಣ ಪಿಕ್ಚರ್ ನೋಡಿರಲಿ, ಬಿಡಲಿ, ಕಳ್ಳ ಯಾರು ಅಂತ ಅವನಿಗೆ ಗೊತ್ತಿರುವುದಂತೂ ಸಾಧ್ಯವಿರಲಿಲ್ಲ.

ಲಕ್ಕಪ್ಪ ಮುಂದುವರಿಸಿದ. “ಒಬ್ರೂ ಅಂದ್ನಲ್ಲ, ತಪ್ಪು. ಒಬ್ಬ ಕೇಳ್ದ. ಬಾಳ್ಳುಪೇಟೆ ಪಂಕ್ಚರ್ ಅಂಗಡಿ ದೇವೀರ ಅಂತ. ನನ್ನ ಪ್ರಾಣ ತಿಂದ್ಬುಟ್ಟ ಮಾರಾಯ್ತಿ.”

ನಂಜಮ್ಮ ತಲೆಯೆತ್ತಿದಳು. “ಏನಂತ ಕೇಳಿದ್ದು?”

“ಒಂದಿನ ಬಸ್ ಸ್ಟ್ಯಾಂಡಲ್ಲಿ ಹಿಡ್ಕಂಡ. ‘ಲಕ್ಕಣ್ಣ, ನಾನು ಪೂರ್ತಿ ನೋಡ್ದೆ, ಮದುವೆ ಆಗೋಯ್ತು, ಕಳ್ಳ ಯಾರು ಅಂತ್ಲೇ ತಿಳೀಲಿಲ್ಲ. ನೆನ್ನೆ ಕುಂದೂರಲ್ಲಿ ಹೆಣ್ಣು ನೋಡಕ್ಕೆ ಹೋಗಿದ್ದೆ, ಹುಡ್ಗಿ ಅದ್ನೇ ಕೇಳ್ಬುಟ್ಲು. ಹೇಳ್ತೀನಿ ಅಂತ ಮಾತು ಕೊಟ್ಬುಟ್ಟಿದೀನಿ, ಹೆಂಗಾರ ಮಾಡಿ ಹೇಳು’ ಅಂದ. ಮಾಲೀಕರು ಬಾಯಿ ಬಿಡ್ಬೇಡ ಅಂದಿದ್ರು, ನಾನೇನ್ ಹೇಳ್ಲಿ? ‘ಬೇರೆ ಊರಲ್ಲೆಲ್ಲ ಆಡೈತೆ, ನಿನ್ನ ಅಂಗಡಿಗೆ ಬರೋ ಲಾರಿಯೋರ್ನ ಕೇಳು’ ಅಂತ ಸಾಗಾಕ್ದೆ. ಆ ಪುಣ್ಯಾತ್ಮ ನಿಜವಾಗ್ಲೂ ಕೇಳಕ್ಕೆ ಶುರು ಮಾಡ್ದ. ಆಮೇಲೂ ಬಸ್ಸಲ್ಲಿ ಸಿಕ್ಕಾಗ್ಲೆಲ್ಲ ಹೇಳೋನು. ತುಮಕೂರಿನೋನು ಡ್ರೈವರ್ ಅಂದ, ಬಂಟ್ವಾಳದೋನು ಅಡುಗೆ ಭಟ್ಟ ಅಂದ, ಯಾರ್ನ ನಂಬಾದು ಲಕ್ಕಣ್ಣ ಅಂತ.”

ನಂಜಮ್ಮನಿಗೆ ಕೈಗೆ ಸೋಪು ಹಚ್ಚುತ್ತ ನಿಂತ ಗಂಡ ಕಣ್ಣ ಮುಂದೆ ಬಂದ. ಜ್ಯಾಕ್ ಹಾಕಿದ ಲಾರಿಯ ಕೆಳಗಿನಿಂದ ತಲೆ ಹೊರಹಾಕಿ, ಘಾಟಿ ಇಳಿದು ಹೋಗುವ ಡ್ರೈವರುಗಳನ್ನೆಲ್ಲ ತಡೆದು ಕೇಳಿದ್ದಾನೆ. ಹೊಸ ಉತ್ತರ ಸಿಕ್ಕ ಸಂಜೆ ನೇರ ಮನೆಗೆ ತಂದಿದ್ದಾನೆ, ಬಿಸಿ ಬೋಂಡಾದ ಪೊಟ್ಟಣ ತರುವ ಹಾಗೆ. ಅವಳು ಅದನ್ನು ಆಟ ಅಂದುಕೊಂಡಿದ್ದಳು. ಅವನು ಕೊಟ್ಟ ಮಾತು ತೀರಿಸುತ್ತಿದ್ದ.

“ಆ ಹುಡ್ಗಿ ಏನಾದ್ಲೋ” ಅಂದ ಲಕ್ಕಪ್ಪ.

“ನಿನ್ ಎದ್ರಿಗೇ ಕೂತವ್ಳೆ ಕಣಣ್ಣ” ಅಂದಳು ಪುಷ್ಪಾ.

ಲಕ್ಕಪ್ಪ ನಂಜಮ್ಮನನ್ನು ಮೇಲಿಂದ ಕೆಳಗೆ ನೋಡಿದ. ಕಂಬಳಿ ಸರಿಮಾಡಿಕೊಂಡ. “ಹಂಗಾರೆ ನಿನಗಾದ್ರೂ ಗೊತ್ತಿರ್ಬೇಕಲ್ಲವ್ವ. ಡಬ್ಬಿ ಹೊತ್ತೋನು ನಾನು, ನಂಗೂ ಗೊತ್ತಾಗ್ಲಿಲ್ಲ. ಯಾರು ಕದ್ದಿದ್ದು?”

ಮೂವರೂ ನಕ್ಕರು. ಬರುವಾಗ ನಂಜಮ್ಮ ಅವನ ಮಗಳಿಗೆ ಫೋನ್ ನಂಬರು ಕೊಟ್ಟು ಬಂದಳು. ಬಸ್ಸಿನಲ್ಲಿ ಪುಷ್ಪಾ, “ತಪ್ಪಾಯ್ತು ಅತ್ತಿಗೆ, ಅಣ್ಣ ಪಿಕ್ಚರ್ ನೋಡಿದ್ದ” ಅಂದಳು. “ನೋಡಿದ್ದೇನೋ ನಿಜ, ಕಳ್ಳ ಯಾರು ಅಂತ ಗೊತ್ತಿರೋ ಹಂಗೆ ಆಡಿದ್ರಲ್ಲ. ಕಾಲು ಭಾಗ ಸುಳ್ಳ ಅಂತ ಇಟ್ಕೋ” ಅಂದಳು ನಂಜಮ್ಮ. ಅಷ್ಟು ಸುಳ್ಳು ಸಂಸಾರಕ್ಕೆ ಭಾರವಾಗುವುದಿಲ್ಲ ಅನ್ನಿಸಿತು ಅವಳಿಗೆ. ಅವತ್ತು ಎರಡು ಮುದ್ದೆ ಉಂಡಳು.

ಕಾಫಿ ಹೂ ಬಿಟ್ಟ ಹೊತ್ತಿಗೆ ಸುಚಿತ್ರಾ ಫೋನು ಹಿಡಿದು ಓಡಿ ಬಂದಳು. ಹಾಡು ಹಾಕಿದ್ದ ಪುಣ್ಯಾತ್ಮರು ಅವಳ ಮಾತು ಓದಿ ಇಡೀ ಪಿಕ್ಚರನ್ನೇ ಹಾಕಿದ್ದರು. “ಅತ್ತೆ, ಕೊನೆಗೇ ಹೋಗ್ಲಾ?” ಅಂದಳು.

“ಬೇಡ ಕಣಮ್ಮ. ಮೊದ್ಲಿಂದ ಹಾಕು.”

ಪುಷ್ಪಾ ಬಂದಳು, ಪ್ರವೀಣ ಅಂಗಡಿ ಬಿಟ್ಟು ಬಂದ. ಟೀವಿಗೆ ಹಾಕಿಕೊಂಡು ನೋಡಿದರು. ಎತ್ತಿದ ಬೆರಳು ಬಂದಾಗ ಹೊರಗೆ ಹೆದ್ದಾರಿಯಲ್ಲಿ ಯಾವುದೋ ಬಸ್ಸು ಹಾರನ್ ಹೊಡೆಯಿತು. ನಂಜಮ್ಮ ಕೂತಲ್ಲೇ ಒಮ್ಮೆ ಮಿಸುಕಿದಳು. ಎದ್ದು ಹೋಗುವುದಿರಲಿಲ್ಲ.

ಕಳ್ಳನೇ ಇರಲಿಲ್ಲ. ಕಡ್ಡಿ ಪೈಲ್ವಾನ ಬೆರಳು ತಿರುಗಿಸುತ್ತ ತಿರುಗಿಸುತ್ತ ಕಾಲು ಜಾರಿ ಡುಮ್ಮಣ್ಣನ ಕ್ಯಾಮೆರಾ ಮೇಲೆ ಬೀಳುತ್ತಾನೆ. ಆ ಕರಿ ಬಟ್ಟೆಯ ಅಂಚಿನ ಕೊಂಡಿಗೆ ಸಿಕ್ಕಿಕೊಂಡಿದ್ದ ಮುತ್ತಿನ ಸರ ಎಲ್ಲರ ಮುಂದೆ ಜೋತಾಡುತ್ತದೆ. ಫೋಟೋ ತೆಗೆದ ದಿನದಿಂದ ಅದು ಪತ್ತೇದಾರರ ಜೊತೆಯಲ್ಲೇ ಊರೆಲ್ಲ ಸುತ್ತಿತ್ತು.

ನಂಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಪಾಪದ ಡ್ರೈವರು, ಪಾಪದ ಭಟ್ಟ. ಅಷ್ಟು ವರ್ಷ ಅವರನ್ನೆಲ್ಲ ಕಳ್ಳರನ್ನಾಗಿ ಮಾಡಿ ಬಾಳ್ಳುಪೇಟೆಯ ಅಡುಗೆಮನೆಯಲ್ಲಿ ನಿಲ್ಲಿಸಿದ್ದರು ಗಂಡ ಹೆಂಡತಿ.

ಮರುದಿನ ಪೊಟ್ಟಣ ಅಂಟಿಸುವಾಗ ಫೋನು ಬಂತು. ಲಕ್ಕಪ್ಪ. ಪಿಕ್ಚರ್ ಸಿಕ್ಕ ಸುದ್ದಿ ಪುಷ್ಪಾ ಆಗಲೇ ಸಕಲೇಶಪುರದವರೆಗೆ ಮುಟ್ಟಿಸಿದ್ದಳು.

“ನೋಡಿದ್ಯಂತಲ್ಲವ್ವ. ಪೂರ್ತಿನಾ?”

“ಪೂರ್ತಿ.”

“ಯಾರು ಕದ್ದಿದ್ದು?”

ನಂಜಮ್ಮ ಗಂಜಿಯ ಬಟ್ಟಲಿನ ತಳ ನೋಡಿದಳು.

“ಫೋನಲ್ಲಿ ಹೇಳೋ ಮಾತಲ್ಲ ಲಕ್ಕಪ್ಪಣ್ಣ ಅದು” ಅಂದಳು. “ಭಾನುವಾರ ಅಕ್ಕಿ ರೊಟ್ಟಿ, ಕಾಳು ಸಾರು ಮಾಡ್ತೀನಿ. ಬಾಳ್ಳುಪೇಟೆಗೆ ಬಾ, ಹೇಳ್ತೀನಿ.”