ವರ್ಲಿನ್ ತನ್ನ ಪಿಕಪ್ಪಿನ ಮೂಗು ಇಳಿಸಿದ್ದು

ಒಹಾಯೊ ಸೀಮೆಯ ಜೋಳದ ಹೊಲಗಳ ನಡುವೆ ವರ್ಲಿನ್ ಅಂತ ಒಬ್ಬನಿದ್ದ. ಮೂವತ್ತೊಂದು ವರ್ಷ ಹಾಲಿನ ಟ್ಯಾಂಕರ್ ಓಡಿಸಿದವನು. ಯಾವ ಮನೆಯ ನಾಯಿ ಕಚ್ಚುತ್ತೆ, ಯಾವುದು ಬರೀ ಬೊಗಳುತ್ತೆ ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲ. ಆದರೆ ಎರಡರಲ್ಲಿ ಒಂದನ್ನು ಆರಿಸಿಕೋ ಅಂದರೆ ಸಾಕು, ಆಸಾಮಿ ಕಂಗಾಲು. ಸೇಬಿನ ಪೈ ತರಲೋ ಚೆರ್ರಿ ಪೈ ತರಲೋ ಅಂತ ಕೇಳಿದರೆ ಕೈಲಿದ್ದ ಕಾಫಿ ತಣ್ಣಗಾಗುವವರೆಗೂ ಯೋಚಿಸುತ್ತಿದ್ದ. ಮದುವೆಯ ದಿನವನ್ನೂ ಹೆಂಡತಿ ಮಾರ್ಜೀನಳೇ ಗೊತ್ತುಮಾಡಿದ್ದು. ಅವನಿಗೆ ಬಿಟ್ಟಿದ್ದರೆ ಇವತ್ತಿಗೂ ಜೂನೋ ಸೆಪ್ಟೆಂಬರೋ ಅಂತ ತಲೆ ಕೆರೆದುಕೊಂಡು ಕೂತಿರುತ್ತಿದ್ದ.

ಬಾಳಿನಲ್ಲಿ ಅವನು ಯಾರನ್ನೂ ಕೇಳದೆ ಮಾಡಿದ ಕೆಲಸ ಒಂದೇ. ಒಂದು ಹಸಿರು ಪಿಕಪ್ ಕೊಂಡು ವರ್ಷ ವರ್ಷ ನಡೆಯುವ ಸ್ಲೆಡ್ ಎಳೆಯುವ ಪಂದ್ಯದವರ ಸಾಲಿಗೆ ಸೇರಿದ್ದು.

ಆ ಕಬ್ಬಿಣದ ಸ್ಲೆಡ್ಡಿದೆಯಲ್ಲ, ಅದು ಮಹಾ ಠಕ್ಕು. ಹೊರಡುವಾಗ ಹಗುರ. ಎಳೆದ ಹಾಗೆಲ್ಲ ಅದರ ಬೆನ್ನ ಮೇಲಿನ ಭಾರದ ಪೆಟ್ಟಿಗೆ ಮುಂದಕ್ಕೆ ತೆವಳಿಕೊಂಡು ಬಂದು ಸ್ಲೆಡ್ಡನ್ನು ನೆಲಕ್ಕೆ ಅದುಮುತ್ತೆ. ಮುನ್ನೂರು ಅಡಿ ಎಳೆದರೆ ಪೂರ್ತಿ ಎಳೆದ ಹಾಗೆ. ವರ್ಲಿನ್ ಹೋದ ವರ್ಷವೂ, ಅದರ ಹಿಂದಿನ ವರ್ಷವೂ ಇನ್ನೂರು ದಾಟಿದ್ದೇ ತಡ, ಮುಂದಿನ ಚಕ್ರಗಳು ಕುಣಿದವು, ಆ ಎರಡು ಚಕ್ರಗಳನ್ನು ಜೊತೆಗೆ ತಿರುಗಿಸುವ ಟೈ ರಾಡ್ ಟಣ್ ಅಂತ ಮುರಿಯಿತು. ಎರಡು ಚಕ್ರ ಎರಡು ದಿಕ್ಕಿಗೆ ತಿರುಗಿ ನಿಂತವು. ಟ್ರ್ಯಾಕ್ಟರ್ ಬಂದು, ಸರಪಳಿ ಬಿಗಿದು, ಊರೆಲ್ಲ ನೋಡುತ್ತಿರುವಾಗ ಪಿಕಪ್ಪನ್ನು ಎಳೆದುಕೊಂಡು ಹೋಯಿತು.

ಈ ಆಗಸ್ಟಿನಲ್ಲಿ ಮಾರ್ಜೀನ್ ಸೊಂಟದ ಮೇಲೆ ಕೈ ಇಟ್ಟಳು. "ನೋಡು ವರ್ಲಿನ್, ಇನ್ನೊಂದು ಸಲ ಮುರೀತೋ, ಆ ಗಾಡಿ ಪಕ್ಕದ ಮನೆ ಗೇಲನ್ ಅಂಗಳಕ್ಕೆ ಹೋಗುತ್ತೆ. ಪಾಪ, ಅವನು ಎರಡು ವರ್ಷದಿಂದ ಕೇಳ್ತಾನೇ ಇದ್ದಾನೆ. ನೀನು ಹೂಂ ಅನ್ನು."

ವರ್ಲಿನ್ ಹೂಂ ಅಂದ.

ಪಂದ್ಯದ ದಿನ ಬೆಳಿಗ್ಗೆ ಪಿಕಪ್ಪಿನ ಅಡಿಗೆ ಹಲಗೆ ಹಾಸಿಕೊಂಡು ಮಲಗಿದ. ಆ ಗಾಡಿಗೆ ಮುಂದೆ ಸುರುಳಿ ಸ್ಪ್ರಿಂಗಿಲ್ಲ. ಉದ್ದಕ್ಕೆ ಎರಡು ಕಬ್ಬಿಣದ ಸರಳು, ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಭಾರ ಹೊರುತ್ತವೆ. ಒಂದೊಂದು ಸರಳಿಗೂ ಒಂದೊಂದು ಬೋಲ್ಟು. ಬಿಗಿ ಮಾಡಿದರೆ ಗಾಡಿಯ ಮೂಗು ಏಳುತ್ತೆ, ಸಡಿಲ ಬಿಟ್ಟರೆ ಇಳಿಯುತ್ತೆ. ಏಳಿಸಬೇಕೋ ಇಳಿಸಬೇಕೋ, ಅದೇ ಅವನಿಗೆ ಹತ್ತದ ಲೆಕ್ಕ.

ಬೇಲಿಯಾಚೆಯಿಂದ ಗೇಲನ್ ಬಂದು ಕುಕ್ಕರುಗಾಲಲ್ಲಿ ಕೂತ. "ಸಡಿಲ ಬಿಡೋ ಮಾರಾಯ. ಮೊದಲೇ ಮೂಗೆತ್ತಿಕೊಂಡು ನಿಂತಿದೆ ನಿನ್ನ ಗಾಡಿ. ಹಿಂದೆ ಭಾರ ಜಗ್ಗಿದಾಗ ಇನ್ನೂ ಏಳುತ್ತೆ, ಚಕ್ರ ಜೋತುಬೀಳುತ್ತೆ, ರಾಡು ಸೊಟ್ಟಗೆ ನಿಂತು ಮುರಿಯುತ್ತೆ. ಮೂಗು ನೆಲಕ್ಕೆ ಹತ್ತಿರ ಇರಲಿ."

"ಹೌದಾ?"

"ಹೌದಾ ಅಂತ ನನ್ನನ್ನ ಕೇಳ್ತೀಯಲ್ಲ! ಮುರಿದುಕೊಂಡವನು ನೀನೋ ನಾನೋ?"

ಮಾತು ನ್ಯಾಯವಾಗೇ ಇತ್ತು. ವರ್ಲಿನ್ ಎಡಗಡೆಯ ಬೋಲ್ಟನ್ನು ನಾಲ್ಕು ಸುತ್ತು ಬಿಚ್ಚಿದ. ಗೇಲನ್ ಹಸು ನೋಡಲು ಹೊರಟುಹೋದ. ಆಗ ವರ್ಲಿನ್ನನ ತಲೆಗೆ ಹುಳ ಹೊಕ್ಕಿತು. ಮುರಿದರೆ ಗಾಡಿ ಯಾರ ಪಾಲು? ಗೇಲನ್ನನ ಪಾಲು. ಮುರಿಯದ ಹಾಗೆ ಮಾಡುವ ಉಪಾಯ ಹೇಳಿಕೊಡುವವನು ಯಾರು? ಅದೇ ಗೇಲನ್. ಇದೆಂಥದು?

ಬಿಡಿಭಾಗದ ಅಂಗಡಿಯ ಟ್ವೈಲಾಗೆ ಫೋನು ಹಚ್ಚಿದ. ಆಕೆ ತಾನೂ ಇಪ್ಪತ್ತು ವರ್ಷ ಸ್ಲೆಡ್ ಎಳೆದವಳು.

"ಯಾವ ದಡ್ಡ ಹೇಳಿದ್ದು ಸಡಿಲ ಬಿಡು ಅಂತ? ಬಿಗಿ ಮಾಡು ವರ್ಲಿನ್! ಮುಂಭಾಗ ಗಟ್ಟಿಯಾಗಿದ್ದರೆ ಕುಣಿಯೋದಿಲ್ಲ. ಕುಣಿದರೇ ತಾನೆ ಮುರಿಯೋದು?"

ಇದೂ ನ್ಯಾಯವಾಗೇ ಇತ್ತು. ಬಲಗಡೆಯ ಬೋಲ್ಟನ್ನು ಎರಡು ಸುತ್ತು ಬಿಗಿ ಮಾಡಿದ. ಜಾಕ್ ಇಳಿಸಿ ದೂರ ನಿಂತು ನೋಡಿದರೆ ಪಿಕಪ್ಪು ಒಂದು ಕಾಲು ಹಳ್ಳಕ್ಕೆ ಹಾಕಿದವರ ಹಾಗೆ ವಾಲಿಕೊಂಡು ನಿಂತಿತ್ತು.

ಮಾರ್ಜೀನ್ ಅಡುಗೆಮನೆ ಕಿಟಕಿಯಿಂದ ಇಣುಕಿದಳು. "ಅದಕ್ಕೆ ಬೀರು ಕುಡಿಸಿದೆಯಾ?"

ಇಬ್ಬರ ಮಾತೂ ಸರಿ ಇರೋದಕ್ಕೆ ಹೇಗೆ ಸಾಧ್ಯ? ಇಬ್ಬರದೂ ತಪ್ಪಾದರೆ? ಬಿಸಿಲು ಏರಿತು. ಕೊನೆಗೆ ಅವನು ಬಲಗಡೆಯನ್ನೂ ಬಿಚ್ಚಿ ಎಡಗಡೆಗೆ ಸಮ ಮಾಡಿದ. ಗೇಲನ್ನನ ಮೇಲೆ ನಂಬಿಕೆ ಬಂದು ಮಾಡಿದ್ದಲ್ಲ. ಬಿಚ್ಚುವ ಕಡೆಗೆ ಕೈ ಸಲೀಸಾಗಿ ತಿರುಗುತ್ತಿತ್ತು, ಅಷ್ಟೆ.

ಸಂಜೆ ಐದಕ್ಕೆ ಕೌಂಟಿ ಮೈದಾನದಲ್ಲಿ ತಪಾಸಣೆ. ಅಳತೆಗೋಲು ಹಿಡಿದ ಮುದುಕ ಪಿಕಪ್ಪಿನ ಹಿಂದೆ ಬಗ್ಗಿ, ಸ್ಲೆಡ್ಡಿನ ಸರಪಳಿ ಸಿಕ್ಕಿಸುವ ಕೊಕ್ಕೆಯನ್ನು ಅಳೆದು ತಲೆಯಾಡಿಸಿದ. "ಇಪ್ಪತ್ತಾರು ಇಂಚಿಗಿಂತ ಅರ್ಧ ಇಂಚು ಮೇಲಿದೆ. ಎಳೆಯೋ ಹಾಗಿಲ್ಲ."

"ಕೊಕ್ಕೆ ನಾನು ಮುಟ್ಟೇ ಇಲ್ಲವಲ್ಲ!" ವರ್ಲಿನ್ ಬೆಚ್ಚಿದ.

"ಮೂಗು ಮುಟ್ಟಿದೀಯಲ್ಲ. ಮುಂದೆ ತಗ್ಗಿದರೆ ಹಿಂದೆ ಏಳದೆ ಇನ್ನೇನು? ಬಾವಿಯೊಳಗೆ ಇಣುಕುವವರನ್ನ ನೋಡಿಲ್ಲವಾ? ಹತ್ತು ನಿಮಿಷ ಕೊಡ್ತೀನಿ, ಇಳಿಸಿಕೊಂಡು ಬಾ."

ಹೊಸಬರು ಮಾಡುವ ತಪ್ಪು ಅದು. ಹತ್ತೊಂಬತ್ತು ವರ್ಷ ಎಳೆದವನು ಮಾಡಿದ್ದ. ಸಾಸೇಜು ತಿನ್ನುತ್ತ ನಿಂತಿದ್ದ ಟ್ವೈಲಾ ಓಡಿ ಬಂದಳು. "ಈಗಲಾದರೂ ನನ್ನ ಮಾತು ಕೇಳು, ಬೋಲ್ಟು ಬಿಗಿ ಮಾಡು!" ಅತ್ತಲಿಂದ ಗೇಲನ್ ಬಂದ. "ಬೋಲ್ಟಿಗೆ ಕೈ ಹಚ್ಚಬೇಡ. ಹಿಂದಿನ ಟೈರಿನ ಗಾಳಿ ಬಿಡು, ಕೊಕ್ಕೆ ತಾನಾಗಿ ಇಳಿಯುತ್ತೆ."

"ಅವನಿಗೆ ನಿನ್ನ ಗಾಡಿ ಬೇಕು ವರ್ಲಿನ್," ಅಂದಳು ಟ್ವೈಲಾ, ಗೇಲನ್ನನ ಮುಖಕ್ಕೇ.

"ಬೇಕು. ಯಾರು ಇಲ್ಲ ಅಂದರು?" ಗೇಲನ್ನನ ಕಿವಿ ಕೆಂಪಾಯಿತು. "ಹಾಗಂತ ಸುಳ್ಳು ಉಪಾಯ ಹೇಳ್ತೀನಾ?"

ವರ್ಲಿನ್ ಇವನ ಮುಖ ನೋಡಿದ, ಅವಳ ಮುಖ ನೋಡಿದ. ಎರಡರಲ್ಲೂ ಏನೂ ಬರೆದಿರಲಿಲ್ಲ. ಹತ್ತರಲ್ಲಿ ನಾಲ್ಕು ನಿಮಿಷ ಅಲ್ಲೇ ಕಳೆಯಿತು. ಜಾಕ್ ಮನೆಯಲ್ಲಿ ಉಳಿದಿದೆ, ಅದಿಲ್ಲದೆ ಬೋಲ್ಟು ಬಿಗಿ ಮಾಡೋ ಹಾಗಿಲ್ಲ ಅನ್ನೋದು ಆಮೇಲೆ ನೆನಪಾಯಿತು. ಮಂಡಿಯೂರಿ ಹಿಂದಿನ ಟೈರಿನ ಗಾಳಿ ಬಿಟ್ಟ. ಮುದುಕ ಮತ್ತೆ ಕೋಲು ಹಿಡಿದ. ಕೊಕ್ಕೆ ಗೆರೆಗೆ ಸರಿಯಾಗಿ ಕೂತಿತ್ತು.

ಹಸಿರು ಬಾವುಟ ಬೀಸಿದರು. ವರ್ಲಿನ್ ಆಕ್ಸಿಲರೇಟರ್ ಮೇಲೆ ಕಾಲು ಒತ್ತಿದ. ಕಪ್ಪು ಹೊಗೆ ಎದ್ದಿತು. ನೂರು ಅಡಿ. ಮೂಗು ಏಳಲಿಲ್ಲ. ನೂರೈವತ್ತು. ಅವನು ಉಸಿರು ಹಿಡಿದು ಟಣ್ ಅನ್ನೋದನ್ನೇ ಕಾಯುತ್ತಿದ್ದ. ಇನ್ನೂರು ದಾಟಿತು, ಟಣ್ ಅನ್ನಲಿಲ್ಲ. ಇದೇನು, ಕಿವಿ ಕೆಪ್ಪಾಯಿತೇ? ಇನ್ನೂರ ಎಪ್ಪತ್ತರ ಹತ್ತಿರ ಮುಂದಿನ ಚಕ್ರಗಳು ಒಮ್ಮೆ ನಡುಗಿದವು, ಎಡಗಡೆ ಏನೋ ಕುಟ್ಟಿದ ಸದ್ದಾಯಿತು. ಮುರಿಯಿತೋ? ಮುರಿಯಲಿದೆಯೋ? ಕಲ್ಲೋ? ತಿಳಿಯಲಿಲ್ಲ. ಹೋದ ಎರಡು ವರ್ಷವೂ ಅವನು ಕಾಲು ತೆಗೆದಿರಲಿಲ್ಲ. ಈ ಸಲ ತೆಗೆದ.

ಇನ್ನೂರ ಎಪ್ಪತ್ತನಾಲ್ಕು ಅಡಿ. ಕೆಂಪು ಬಾವುಟ. ಜನ ಚಪ್ಪಾಳೆ ಹೊಡೆದರು, ಕೆಲವರು ಅಯ್ಯೋ ಅಂದರು. ಸರಪಳಿ ಹಿಡಿದ ಟ್ರ್ಯಾಕ್ಟರಿನವನು ಇಳಿಯಲು ಹೊರಟು, ಮತ್ತೆ ಕೂತ. ಪಿಕಪ್ಪು ತನ್ನ ಕಾಲ ಮೇಲೆ ತಾನೇ ಹೊರಗೆ ಬಂತು.

ಆದರೆ ಎಡಚಕ್ರ ಒಂಚೂರು ಹೊರಗಡೆಗೆ ನೋಡುತ್ತಿತ್ತು.

ಮಾರ್ಜೀನ್ ಬೇಲಿ ದಾಟಿ ಬಂದು ಬಗ್ಗಿದಳು. "ಇದು ಸೊಟ್ಟಗಿದೆ."

"ಸ್ವಲ್ಪ," ಅಂದ ವರ್ಲಿನ್.

"ಸೊಟ್ಟ ಅಂದರೆ ಮುರಿದ ಹಾಗೋ, ಮುರಿಯದ ಹಾಗೋ?"

ಅವನಿಗೇನು ಗೊತ್ತು? ಅವಳಿಗೂ ಗೊತ್ತಿರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಮಾರ್ಜೀನಳೂ ಬಾಯಿ ಬಿಟ್ಟುಕೊಂಡು ನಿಂತಳು. ಇಬ್ಬರೂ ಒಟ್ಟಿಗೆ ಗೇಲನ್ನನ ಕಡೆ ತಿರುಗಿದರು.

ಗೇಲನ್ ಮಣ್ಣಿನಲ್ಲೇ ಅಂಗಾತ ಮಲಗಿ ಗಾಡಿಯ ಅಡಿಗೆ ತೂರಿದ. ತುಂಬಾ ಹೊತ್ತು ಅವನ ಬೂಟು ಮಾತ್ರ ಕಾಣುತ್ತಿತ್ತು. ಮುರಿದಿದೆ ಅಂತ ಅವನು ಒಂದು ಮಾತು ಅಂದಿದ್ದರೆ ಸಾಕಿತ್ತು, ಗಾಡಿ ಅವನದು.

"ರಾಡು ಬಗ್ಗಿದೆ," ಅಂತ ಒಳಗಿನಿಂದಲೇ ಅಂದ. ಆಮೇಲೆ ಹೊರಬಂದು ಕೈ ಒರೆಸಿಕೊಂಡ. "ಟ್ರ್ಯಾಕ್ಟರ್ ಎಳೆದುಕೊಂಡು ಹೋದರೆ ಮುರಿದ ಹಾಗೆ. ತಾನೇ ನಡೆದು ಬಂದರೆ ಮುರಿದಿಲ್ಲ. ಇಲ್ಲಿ ಎಲ್ಲರ ಲೆಕ್ಕವೂ ಅದೇ, ಮಾರ್ಜೀನ್. ನಾನು ಬೇರೆ ಲೆಕ್ಕ ತರೋದಕ್ಕಾಗಲ್ಲ."

"ಮತ್ತೆ ಕುಟ್ಟಿದ ಸದ್ದು ಬಂದಿದ್ದು ಯಾಕೆ?" ವರ್ಲಿನ್ ಕೇಳಿದ. "ಸಡಿಲ ಜಾಸ್ತಿಯಾಯಿತೋ, ಕಮ್ಮಿಯಾಯಿತೋ? ಇಲ್ಲಾ ಗಾಳಿ ಬಿಟ್ಟಿದ್ದಕ್ಕೋ?"

ಗೇಲನ್ ತಲೆ ಕೆರೆದುಕೊಂಡ. "ನಿಜ ಹೇಳಲಾ? ನನಗೂ ಗೊತ್ತಿಲ್ಲ."

ವರ್ಲಿನ್ ಪಿಕಪ್ಪು ಹತ್ತಿ, ಎಡಕ್ಕೆಳೆಯುವ ಸ್ಟೀರಿಂಗನ್ನು ಬಲಕ್ಕೆ ಹಿಡಿದುಕೊಂಡು, ಮಾರ್ಜೀನಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೆಲ್ಲಗೆ ಮನೆಯ ಕಡೆ ಹೊರಟ.